ಹೆಸರು ಇರಬೇಕಾದ ಊರು: ವಿಧಾನಸಭಾ ಚುನಾವಣೆಗೆ ಮತದಾರರ ನೋಂದಣಿ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಸಭೆಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



2023ರ ಮೇ 10ರಂದು ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಿಗೆ ಮತದಾನ ನಡೆದು, ಮೇ 13ರಂದು ಎಣಿಕೆಯಾಯಿತು. ಬೆಂಗಳೂರಿನ ಬಸವನಗುಡಿಗೆ ಹೊಂದಿಕೊಂಡಿರುವ ಜಯನಗರ ಕ್ಷೇತ್ರದಲ್ಲಿ ಮರುಎಣಿಕೆ ಮುಗಿದಾಗ ಗೆಲುವಿನ ಅಂತರ ಕೇವಲ 16 ಮತಗಳಷ್ಟಿತ್ತು. ಅದಕ್ಕೂ ಹಿಂದೆ, 2004ರಲ್ಲಿ, ಚಾಮರಾಜನಗರ ಜಿಲ್ಲೆಯ ಅಂದಿನ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಗೆದ್ದವರಿಗೆ 40,752 ಮತಗಳೂ ಸೋತವರಿಗೆ 40,751 ಮತಗಳೂ ಬಂದಿದ್ದವು. ಒಂದು ಮತವು ಒಬ್ಬ ಶಾಸಕರನ್ನು ನಿರ್ಧರಿಸಿತು.

ಇಂತಹ ಫಲಿತಾಂಶಗಳನ್ನು ಕೇಳಿದೊಡನೆ ಮತ ಹಾಕಲು ಹೋಗದೆ ಮನೆಯಲ್ಲಿ ಉಳಿದವರ ನೆನಪಾಗುವುದು ಸಹಜ. ಆದರೆ ಮತ ಹಾಕಬೇಕೆಂಬ ಮನಸ್ಸಿದ್ದೂ ಹಾಕಲಾಗದೆ ಉಳಿದವರು ಅಷ್ಟೇ ಮುಖ್ಯರು. ಅವರು ವಾಸಿಸುವುದು ಒಂದು ಊರಿನಲ್ಲಿ, ಅವರ ಹೆಸರು ಇರುವುದು ಇನ್ನೊಂದು ಊರಿನಲ್ಲಿ. ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ಸಾವಿರಾರು ಕುಟುಂಬಗಳ ಸ್ಥಿತಿ ಇದು. ಆ ಹೆಸರುಗಳು ಇರುವುದು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿಯೇ ಆದುದರಿಂದ ಈ ವಿಷಯವು ಸದಸ್ಯರ ವಿಷಯವೂ ಆಗಿದೆ.

ಚೀಟಿಯಲ್ಲ, ಪಟ್ಟಿ

ಸಂವಿಧಾನದ 326ನೇ ಅನುಚ್ಛೇದವು ವಯಸ್ಕರೆಲ್ಲರಿಗೂ ಮತದಾನದ ಹಕ್ಕನ್ನು ನೀಡಿದೆ. 61ನೇ ತಿದ್ದುಪಡಿಯ ಮೂಲಕ ಆ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲಾಯಿತು. ಆದರೆ ಹಕ್ಕನ್ನು ಚಲಾಯಿಸಬೇಕಾದರೆ ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. 1951ರ ಜನಪ್ರಾತಿನಿಧ್ಯ ಕಾಯ್ದೆಯ 62ನೇ ಪ್ರಕರಣವು ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆ ಕ್ಷೇತ್ರದಲ್ಲಿ ಮತ ನೀಡುವ ಅಧಿಕಾರವಿಲ್ಲ.

ಜನಸಾಮಾನ್ಯರಲ್ಲಿ ಬಹುಮಂದಿ ಮತದಾರರ ಗುರುತಿನ ಚೀಟಿಯನ್ನೇ ಹಕ್ಕುಪತ್ರವೆಂದು ತಿಳಿದಿದ್ದಾರೆ. ಚೀಟಿಯು ವ್ಯಕ್ತಿ ಯಾರೆಂಬುದನ್ನು ತೋರಿಸುವ ದಾಖಲೆ ಮಾತ್ರ. ಚೀಟಿ ಪೆಟ್ಟಿಗೆಯಲ್ಲಿ ಭದ್ರವಾಗಿದ್ದು ಪಟ್ಟಿಯಿಂದ ಹೆಸರು ಹೋಗಿದ್ದರೆ ಮತವಿಲ್ಲ. ಚೀಟಿ ಕಳೆದುಹೋಗಿದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ಆಯೋಗವು ಒಪ್ಪಿದ ಬೇರೆ ಗುರುತಿನ ದಾಖಲೆಯನ್ನು ತೋರಿಸಿ ಮತ ಹಾಕಬಹುದು. ಆದ್ದರಿಂದ ಸದಸ್ಯರು ತಮ್ಮ ವಾರ್ಡಿನ ಜನರಿಗೆ ಹೇಳಬೇಕಾದ ಮೊದಲ ಮಾತು, ಚುನಾವಣೆ ಘೋಷಣೆಯಾಗುವುದಕ್ಕೆ ಮುಂಚೆಯೇ ಪಟ್ಟಿಯಲ್ಲಿ ಹೆಸರನ್ನು ನೋಡಿಕೊಳ್ಳಬೇಕು ಎಂಬುದು.

ಯಾವ ಊರಿನ ಪಟ್ಟಿ?

1950ರ ಜನಪ್ರಾತಿನಿಧ್ಯ ಕಾಯ್ದೆಯ 19ನೇ ಪ್ರಕರಣದ ಪ್ರಕಾರ ಅರ್ಹತಾ ದಿನಾಂಕಕ್ಕೆ 18 ವರ್ಷ ತುಂಬಿರಬೇಕು ಮತ್ತು ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರಬೇಕು. ಸಾಮಾನ್ಯ ನಿವಾಸ ಎಂದರೇನು ಎಂಬುದನ್ನು 20ನೇ ಪ್ರಕರಣ ವಿವರಿಸುತ್ತದೆ. ಅದರಲ್ಲಿ ಗ್ರಾಮೀಣ ಜನರಿಗೆ ಬಹಳ ಅಗತ್ಯವಾದ ಎರಡು ಮಾತುಗಳಿವೆ. ಒಂದು ಊರಿನಲ್ಲಿ ಮನೆ ಹೊಂದಿರುವುದರಿಂದಲೇ ಯಾರೂ ಆ ಊರಿನ ಸಾಮಾನ್ಯ ನಿವಾಸಿಯಾಗುವುದಿಲ್ಲ. ಹಾಗೆಯೇ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಸಾಮಾನ್ಯ ನಿವಾಸಿಯಾಗಿರುವುದು ನಿಲ್ಲುವುದಿಲ್ಲ.

ಬಸವನಗುಡಿಯನ್ನೇ ಉದಾಹರಣೆಯಾಗಿ ನೋಡಬಹುದು. ಕಾರ್ತಿಕ ಮಾಸದ ಕಡೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುತ್ತಲಿನ ಜಿಲ್ಲೆಗಳ ರೈತರು ಮತ್ತು ವ್ಯಾಪಾರಿಗಳು ಬುಲ್ ಟೆಂಪಲ್ ರಸ್ತೆಯ ಬದಿಯಲ್ಲಿ ಕಡಲೆಕಾಯಿಯ ರಾಶಿ ಹಾಕಿ, ಕೆಲವು ದಿನ ಅಲ್ಲಿಯೇ ಮಲಗೆದ್ದು, ಮಾರಾಟ ಮುಗಿಸಿ ಊರಿಗೆ ಮರಳುತ್ತಾರೆ. ಅವರು ಎಷ್ಟು ವರ್ಷ ಹಾಗೆ ಬಂದುಹೋದರೂ ಅವರ ನಿವಾಸ ಹಳ್ಳಿಯೇ. ಅವರ ಹೆಸರು ಹಳ್ಳಿಯ ಪಟ್ಟಿಯಲ್ಲಿಯೇ ಇರತಕ್ಕದ್ದು. ಬೇಸಿಗೆಯಲ್ಲಿ ಗುಳೆ ಹೋಗಿ ಮುಂಗಾರಿಗೆ ಹಿಂದಿರುಗುವ ಕೂಲಿಕಾರರ ವಿಷಯವೂ ಹಾಗೆಯೇ. ಮನೆಗೆ ಬೀಗ ಬಿದ್ದಿದೆ ಎಂಬ ಒಂದೇ ಕಾರಣದಿಂದ ಅವರ ಹೆಸರನ್ನು ತೆಗೆಯುವುದು ಸರಿಯಲ್ಲ.

ಇನ್ನು ಅದೇ ಬಸವನಗುಡಿಯ ಗಾಂಧಿಬಜಾರಿನಲ್ಲಿ ಹೂ ಕಟ್ಟಿ ಮಾರುತ್ತಾ, ಹಿಂದಿನ ಗಲ್ಲಿಯಲ್ಲಿ ಬಾಡಿಗೆಯ ಕೋಣೆ ಮಾಡಿಕೊಂಡು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ ಹತ್ತು ವರ್ಷವಾದ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಹಳ್ಳಿಯಲ್ಲಿ ಅವರಿಗೆ ಹಂಚಿನ ಮನೆಯಿದೆ, ಒಂದೆರಡು ಎಕರೆ ಭೂಮಿಯಿದೆ, ಊರಹಬ್ಬಕ್ಕೆ ಬರುತ್ತಾರೆ. ಆದರೂ ಕಾಯ್ದೆಯ ದೃಷ್ಟಿಯಲ್ಲಿ ಅವರು ಬಸವನಗುಡಿಯ ಸಾಮಾನ್ಯ ನಿವಾಸಿಗಳು. ಅವರ ಬೀದಿಯ ಕೊಳಾಯಿ, ಚರಂಡಿ, ಮಕ್ಕಳ ಶಾಲೆ, ಆಸ್ಪತ್ರೆ ಇವುಗಳ ಬಗ್ಗೆ ಮಾತನಾಡಬೇಕಾದವರು ಆ ಕ್ಷೇತ್ರದ ಶಾಸಕರು. ಆದರೆ ಆ ಶಾಸಕರ ಆಯ್ಕೆಯಲ್ಲಿ ಈ ಕುಟುಂಬದ ಪಾಲಿಲ್ಲ. ಹಳ್ಳಿಯ ಕ್ಷೇತ್ರದ ಶಾಸಕರ ಆಯ್ಕೆಯಲ್ಲಿ ಪಾಲಿದ್ದರೂ, ಬಸ್ಸು ಸಿಗದ ವರ್ಷ, ಕೂಲಿ ಬಿಡಲಾಗದ ವರ್ಷ ಅದೂ ಇಲ್ಲ.

ಬಸವನಗುಡಿಯೇ ಸ್ಥಳಾಂತರದಿಂದ ಬೆಳೆದ ಬಡಾವಣೆ. 1898ರಲ್ಲಿ ಬೆಂಗಳೂರನ್ನು ಕಾಡಿದ ಪ್ಲೇಗಿನ ಬಳಿಕ, ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳು ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ನೆಲೆ ಕಂಡುಕೊಂಡವು. ಬಂದು ನೆಲೆಸಿದವರು ಕಾಲಕ್ರಮದಲ್ಲಿ ಆ ಊರಿನವರಾಗುತ್ತಾರೆ. ಇಂದು ಬಾಡಿಗೆಯ ಕೋಣೆಯಲ್ಲಿರುವವರಿಗೂ ಕಾಯ್ದೆಯು ಅದೇ ಅವಕಾಶವನ್ನು ನೀಡಿದೆ.

2023ರಲ್ಲಿ ರಾಜ್ಯದ ಮತದಾನ ಶೇಕಡ 73ನ್ನು ದಾಟಿದರೆ, ಬೆಂಗಳೂರು ನಗರದಲ್ಲಿ ಅದು ಶೇಕಡ 60ನ್ನೂ ಮುಟ್ಟಲಿಲ್ಲ. ನಗರದವರ ಉದಾಸೀನವನ್ನು ಮಾತ್ರ ದೂಷಿಸಿದರೆ ಸಾಲದು. ಮನೆ ಬದಲಿಸಿ ಹೋದವರ ಹೆಸರು ಪಟ್ಟಿಯಲ್ಲಿ ಉಳಿದಿರುವುದು ಮತ್ತು ಹೊಸದಾಗಿ ಬಂದವರ ಹೆಸರು ಸೇರದಿರುವುದು ಎರಡೂ ನಗರದ ಪಟ್ಟಿಯ ದೋಷಗಳೇ. ಆ ದೋಷದ ಒಂದು ತುದಿ ಹಳ್ಳಿಯಲ್ಲಿದೆ.

ಸದಸ್ಯರ ಸಂಕಟ

ಇಲ್ಲಿ ಮುಚ್ಚಿಡದೆ ಹೇಳಬೇಕಾದ ಒಂದು ಮಾತಿದೆ. ಗ್ರಾಮ ಪಂಚಾಯಿತಿ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದರೂ, ಅದರ ಮತದಾರರ ಪಟ್ಟಿಗೆ ವಿಧಾನಸಭೆಯ ಪಟ್ಟಿಯೇ ಆಧಾರ. ಹಳ್ಳಿಯ ಪಟ್ಟಿಯಿಂದ ಒಂದು ಕುಟುಂಬದ ನಾಲ್ಕು ಹೆಸರುಗಳು ಬಸವನಗುಡಿಗೆ ಹೋದರೆ, ಪಂಚಾಯಿತಿ ಚುನಾವಣೆಯಲ್ಲಿ ಆ ವಾರ್ಡಿನ ನಾಲ್ಕು ಮತಗಳೂ ಹೋಗುತ್ತವೆ. ಬೆರಳೆಣಿಕೆಯ ಅಂತರದಲ್ಲಿ ಗೆಲ್ಲುವ ಸದಸ್ಯರಿಗೆ ಇದು ಚಿಕ್ಕ ಸಂಗತಿಯಲ್ಲ. ಚುನಾವಣೆ ಸಮೀಪಿಸಿದಾಗ ಬೆಂಗಳೂರಿಗೆ ದೂರವಾಣಿ ಮಾಡಿ, ವಾಹನ ಕಳುಹಿಸಿ, ಜನರನ್ನು ಕರೆಸುವ ರೂಢಿ ಬೆಳೆದದ್ದು ಇದರಿಂದಲೇ.

ಈ ರೂಢಿಯಲ್ಲಿ ಅಪಾಯವೂ ಇದೆ. ವಿಧಾನಸಭಾ ಚುನಾವಣೆಯಲ್ಲಿ ಅಭ್ಯರ್ಥಿಯಾಗಲಿ, ಅವರ ಏಜೆಂಟರಾಗಲಿ, ಅವರ ಸಮ್ಮತಿಯಿಂದ ಬೇರೆಯವರಾಗಲಿ ಬಾಡಿಗೆ ವಾಹನ ಗೊತ್ತುಮಾಡಿ ಮತದಾರರನ್ನು ಮತಗಟ್ಟೆಗೆ ಉಚಿತವಾಗಿ ಸಾಗಿಸುವುದು 1951ರ ಕಾಯ್ದೆಯ 123ನೇ ಪ್ರಕರಣದ ಪ್ರಕಾರ ಭ್ರಷ್ಟ ಆಚರಣೆ. 133ನೇ ಪ್ರಕರಣದಡಿ ಅದಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಮತದಾರರು ತಮ್ಮದೇ ಖರ್ಚಿನಲ್ಲಿ ಬರುವುದಕ್ಕೆ ಅಡ್ಡಿಯಿಲ್ಲ.

ಅದಕ್ಕಿಂತ ಗಂಭೀರವಾದುದು ಎರಡು ಕಡೆ ಹೆಸರಿರುವುದು. ನಗರದಲ್ಲಿ ಹೊಸ ಚೀಟಿ ಬೇಕೆಂದು ಕೇಳಿದವರಿಗೆ ಯಾರೋ ಹೊಸ ಮತದಾರರ ಅರ್ಜಿಯನ್ನು ತುಂಬಿಸುತ್ತಾರೆ. ಹಳ್ಳಿಯ ಹೆಸರು ಹಾಗೆಯೇ ಉಳಿಯುತ್ತದೆ. ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರಬಾರದೆಂದು 1950ರ ಕಾಯ್ದೆಯ 17ನೇ ಪ್ರಕರಣ ಹೇಳುತ್ತದೆ. ಬೇರೆಲ್ಲಿಯೂ ಹೆಸರಿಲ್ಲವೆಂದು ತಿಳಿದೂ ಸುಳ್ಳು ಘೋಷಣೆ ಮಾಡಿದರೆ 31ನೇ ಪ್ರಕರಣದ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಸಹಿ ಮಾಡಿದ ಬಡವರು ಇದಕ್ಕೆ ಗುರಿಯಾಗುತ್ತಾರೆ. ಎರಡೂ ಕಡೆ ಇರಲಿ ಎಂದು ಸಲಹೆ ಕೊಟ್ಟವರ ಹೆಸರು ಆ ಅರ್ಜಿಯಲ್ಲಿ ಇರುವುದಿಲ್ಲ.

ವಲಸೆ ಹೋದವರಿಗೆ ಒಂದು ಭಯವೂ ಇದೆ: ಹಳ್ಳಿಯ ಪಟ್ಟಿಯಿಂದ ಹೆಸರು ಹೋದರೆ ಊರಿನ ಹಕ್ಕೇ ಹೋದಂತೆ ಎಂಬುದು. ಸದಸ್ಯರು ಈ ಭಯವನ್ನು ಬಿಡಿಸಬೇಕು. ಭೂಮಿಯ ಹಕ್ಕು ಪಹಣಿ ಮತ್ತು ನೋಂದಾಯಿತ ಪತ್ರಗಳಲ್ಲಿದೆ, ಮನೆಯ ದಾಖಲೆ ಪಂಚಾಯಿತಿಯ ಆಸ್ತಿ ವಹಿಯಲ್ಲಿದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಆಸ್ತಿ ಬರುವುದಿಲ್ಲ, ಹೆಸರು ಹೋದರೆ ಆಸ್ತಿ ಹೋಗುವುದಿಲ್ಲ. ಆದರೆ ಪಂಚಾಯಿತಿ ಚುನಾವಣೆಯಲ್ಲಿ ಅಲ್ಲಿ ಮತ ಹಾಕುವ ಮತ್ತು ಸ್ಪರ್ಧಿಸುವ ಅವಕಾಶ ಇರುವುದಿಲ್ಲ ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ತಿಳಿಸಬೇಕು.

ನಾಲ್ಕು ಮತ ಕಳೆದುಕೊಂಡರೂ ಸರಿಯಾದ ನಮೂನೆಯನ್ನು ಕೊಡಿಸುವ ಸದಸ್ಯರು ಆ ಕುಟುಂಬಕ್ಕೆ ಮಾಡುವ ಉಪಕಾರ, ವಾಹನ ಕಳುಹಿಸುವ ಉಪಕಾರಕ್ಕಿಂತ ಬಹುಕಾಲ ಉಳಿಯುತ್ತದೆ.

ಅರ್ಜಿ ಸಲ್ಲಿಸುವ ಕ್ರಮ

ನಮೂನೆ 6 ಮೊದಲ ಬಾರಿಗೆ ಹೆಸರು ಸೇರಿಸುವವರಿಗೆ ಮಾತ್ರ. ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2021ರಲ್ಲಿ ಆದ ಕಾಯ್ದೆ ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂಬ ನಾಲ್ಕು ದಿನಾಂಕಗಳಿವೆ. 17 ವರ್ಷ ದಾಟಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಪದವಿಪೂರ್ವ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ವಯಸ್ಸಿನವರು.

ನಮೂನೆ 8 ಮನೆ ಬದಲಿಸಿದವರಿಗೆ. ಅದೇ ಕ್ಷೇತ್ರದೊಳಗೆ ಹೋಗಿದ್ದರೂ ಬೇರೆ ಕ್ಷೇತ್ರಕ್ಕೆ ಹೋಗಿದ್ದರೂ ಇದೇ ನಮೂನೆ. ಹೆಸರು, ವಯಸ್ಸು, ಭಾವಚಿತ್ರಗಳ ತಿದ್ದುಪಡಿ, ಕಳೆದುಹೋದ ಚೀಟಿಯ ಬದಲಿ, ಅಂಗವೈಕಲ್ಯದ ನಮೂದು ಇವಕ್ಕೂ ಇದೇ. ಹಳೆಯ ಚೀಟಿಯ ಸಂಖ್ಯೆಯನ್ನು ಬರೆದು, ಹೊಸ ವಿಳಾಸ ವ್ಯಾಪ್ತಿಯ ನೋಂದಣಾಧಿಕಾರಿಗೆ ಅರ್ಜಿ ಕೊಟ್ಟರೆ, ಅಲ್ಲಿ ಹೆಸರು ಸೇರಿ ಹಳೆಯ ಕಡೆಯ ಹೆಸರನ್ನು ತೆಗೆಯುವ ಕ್ರಮವೂ ಆಗುತ್ತದೆ. ಮದುವೆಯಾಗಿ ಗಂಡನ ಊರಿಗೆ ಬಂದ ಹೆಣ್ಣುಮಕ್ಕಳಿಗೂ ಬೇಕಾದದ್ದು ಇದೇ ನಮೂನೆ. ತವರಿನಲ್ಲಿ ಹೆಸರಿರುವ ಸೊಸೆಗೆ ನಮೂನೆ 6 ತುಂಬಿಸಿದರೆ ಎರಡು ಕಡೆ ಹೆಸರಾಗುವ ದೋಷ ಉಂಟಾಗುತ್ತದೆ.

ನಮೂನೆ 7 ಪಟ್ಟಿಯಲ್ಲಿರುವ ಹೆಸರಿಗೆ ಆಕ್ಷೇಪಣೆ ಸಲ್ಲಿಸಲು ಅಥವಾ ತೆಗೆಯಲು ಕೋರಲು.

ಈ ಅರ್ಜಿಗಳನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ, ಅಂದರೆ ಬಿಎಲ್‌ಒಗೆ, ಕೊಡಬಹುದು. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೂ, ನಗರದಲ್ಲಿ ಆ ಕ್ಷೇತ್ರದ ನೋಂದಣಾಧಿಕಾರಿಯ ಕಚೇರಿಗೂ ಕೊಡಬಹುದು. ಚುನಾವಣಾ ಆಯೋಗದ ಜಾಲತಾಣದಲ್ಲಿಯೂ ಸಲ್ಲಿಸಬಹುದು. ಮಾಹಿತಿಗೆ ಸಹಾಯವಾಣಿ 1950 ಇದೆ.

ವಿಳಾಸದ ದಾಖಲೆಯೇ ಬಾಡಿಗೆದಾರರಿಗೆ ದೊಡ್ಡ ಅಡ್ಡಿ. ವಿದ್ಯುತ್, ನೀರು ಅಥವಾ ಅನಿಲದ ಬಿಲ್ಲು, ಆಧಾರ್, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು ಇತ್ಯಾದಿಗಳಲ್ಲಿ ಒಂದು ಸಾಕು. ಇವು ಯಾವುವೂ ಇಲ್ಲದಿದ್ದರೆ ಬಿಎಲ್‌ಒ ಸ್ಥಳಕ್ಕೆ ಬಂದು ವಾಸವನ್ನು ಪರಿಶೀಲಿಸುತ್ತಾರೆ. ಸೂರಿಲ್ಲದವರ ವಿಷಯದಲ್ಲಿ ಅವರು ರಾತ್ರಿ ಮಲಗುವ ಸ್ಥಳವನ್ನು ಬಿಎಲ್‌ಒ ರಾತ್ರಿ ವೇಳೆ ಬಂದು ನೋಡಿ ದೃಢಪಡಿಸಿಕೊಳ್ಳುವ ವ್ಯವಸ್ಥೆಯಿದೆ. ಹೆಸರು ಸೇರಿಸಲು ಮನೆಯ ಮಾಲೀಕರಾಗಿರಬೇಕಿಲ್ಲ. ನಗರದ ವಿದ್ಯಾರ್ಥಿನಿಲಯಗಳಲ್ಲಿರುವ ಹಳ್ಳಿಯ ವಿದ್ಯಾರ್ಥಿಗಳು ನಿಲಯದ ವಿಳಾಸ ಅಥವಾ ತಂದೆ ತಾಯಿಯರ ಊರು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ಅರ್ಜಿಗೆ ಗಡುವು ಇದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ಬಳಿಕ ಚುನಾವಣೆ ಮುಗಿಯುವವರೆಗೆ ಪಟ್ಟಿಯಲ್ಲಿ ಸೇರ್ಪಡೆ, ತಿದ್ದುಪಡಿ ಯಾವುದೂ ಆಗುವುದಿಲ್ಲ. 2023ರಲ್ಲಿ ಆ ದಿನ ಏಪ್ರಿಲ್ 20 ಆಗಿತ್ತು, ಅಂದರೆ ಮತದಾನಕ್ಕೆ 20 ದಿನ ಮೊದಲು. ಅರ್ಜಿಯನ್ನು ಪ್ರಕಟಿಸಿ ಆಕ್ಷೇಪಣೆಗೆ ಏಳು ದಿನ ಕೊಡಬೇಕಾಗಿರುವುದರಿಂದ, ಕೊನೆಯ ದಿನಕ್ಕೆ ಹತ್ತು ದಿನ ಮುಂಚೆಯಾದರೂ ಅರ್ಜಿ ಕಚೇರಿಯಲ್ಲಿರಬೇಕು. ಪ್ರಚಾರದ ವಾಹನ ಊರಿಗೆ ಬಂದ ಮೇಲೆ ಅರ್ಜಿಗೆ ಓಡಾಡುವವರಿಗೆ ಸಾಮಾನ್ಯವಾಗಿ ಕಾಲ ಮೀರಿರುತ್ತದೆ.

ಹೆಸರು ತೆಗೆಯುವಾಗ ಎಚ್ಚರ

ಸೇರಿಸುವುದಕ್ಕಿಂತ ತೆಗೆಯುವುದರಲ್ಲಿ ಹೆಚ್ಚು ಎಚ್ಚರ ಬೇಕು. 2023ರ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಲು ಕೋರಿದ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಪರಿಶೀಲಿಸಿದಾಗ ನಿಜವಾದವು 24 ಮಾತ್ರ ಎಂದು ಕಂಡುಬಂತು. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಿ, ಪೊಲೀಸರಿಗೆ ದೂರು ನೀಡಲಾಯಿತು. ಅದಕ್ಕೂ ಮೊದಲು, 2022ರ ನವೆಂಬರಿನಲ್ಲಿ, ಮತದಾರರ ಮಾಹಿತಿ ಸಂಗ್ರಹದ ಬಗ್ಗೆ ಆರೋಪಗಳು ಬಂದಾಗ, ಬೆಂಗಳೂರಿನ ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳ ಸೇರ್ಪಡೆ ಮತ್ತು ತೆಗೆಯುವಿಕೆಗಳನ್ನು ಪೂರ್ಣವಾಗಿ ಮರುಪರಿಶೀಲಿಸಲು ಆಯೋಗವು ಆದೇಶಿಸಿತು.

ಆಳಂದದ ಹೆಸರುಗಳನ್ನು ಉಳಿಸಿದ್ದು ಪರಿಶೀಲನೆ. ಮನೆ ಮನೆಯ ಪರಿಚಯವಿರುವ ಪಂಚಾಯಿತಿ ಸದಸ್ಯರು ಈ ಕೆಲಸಕ್ಕೆ ಸಹಜ ನೆರವುಗಾರರು. ಕ್ಷೇತ್ರದ ಮತದಾರರಾದ ಯಾರೇ ಆದರೂ ನಮೂನೆ 7 ಕೊಡಬಹುದು. ಆದರೆ ಮರಣ ಹೊಂದಿದವರ ಹೊರತು ಬೇರೆಯವರ ಹೆಸರನ್ನು ತೆಗೆಯುವ ಮೊದಲು ಅವರಿಗೆ ತಿಳಿವಳಿಕೆ ಪತ್ರ ನೀಡಿ, ಹೇಳಿಕೆಗೆ ಅವಕಾಶ ಕೊಡಲೇಬೇಕು. ಗುಳೆ ಹೋದವರಿಗೆ ಬಂದ ಪತ್ರವು ಬೀಗ ಹಾಕಿದ ಬಾಗಿಲಿನ ಬಳಿ ಉಳಿದರೆ, ಅದನ್ನು ಅವರಿಗೆ ಮುಟ್ಟಿಸುವುದು ಸದಸ್ಯರು ಮಾಡಬಹುದಾದ ದೊಡ್ಡ ಸೇವೆ. ನೋಂದಣಾಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಂದ 30 ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಮತದಾನದ ದಿನ

ಮತದಾನದ ದಿನ ಕೆಲಸಗಾರರಿಗೆ ವೇತನಸಹಿತ ರಜೆ ಕೊಡಬೇಕೆಂದು 1951ರ ಕಾಯ್ದೆಯ 135ಬಿ ಪ್ರಕರಣ ಹೇಳುತ್ತದೆ. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ. ಬಸವನಗುಡಿಯ ಹೋಟೆಲಿನಲ್ಲಿ ದುಡಿಯುವ ಹಳ್ಳಿಯ ಮತದಾರರು ಈ ಹಕ್ಕನ್ನು ಮಾಲೀಕರಲ್ಲಿ ಕೇಳಬಹುದು.

ಚೀಟಿ ಇಲ್ಲದವರು ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಚಾಲನಾ ಪರವಾನಗಿ, ಪಾನ್ ಕಾರ್ಡ್, ಪಾಸ್‌ಪೋರ್ಟ್, ಭಾವಚಿತ್ರವಿರುವ ಪಿಂಚಣಿ ದಾಖಲೆ ಮುಂತಾದವುಗಳಲ್ಲಿ ಒಂದನ್ನು ತೋರಿಸಬಹುದು. ಮತಯಂತ್ರದ ಗುಂಡಿ ಒತ್ತಿದ ಬಳಿಕ ಪಕ್ಕದ ವಿವಿಪ್ಯಾಟ್ ಕಿಟಕಿಯಲ್ಲಿ ಅಭ್ಯರ್ಥಿಯ ಹೆಸರು ಮತ್ತು ಚಿಹ್ನೆಯುಳ್ಳ ಚೀಟಿ ಏಳು ಸೆಕೆಂಡು ಕಾಣುತ್ತದೆ. ಅದನ್ನು ನೋಡಿಯೇ ಹೊರಬರುವುದು ಒಳ್ಳೆಯದು. ಮುಕ್ತಾಯದ ವೇಳೆಗೆ ಸಾಲಿನಲ್ಲಿರುವವರೆಲ್ಲರಿಗೂ ಮತ ಹಾಕುವ ಹಕ್ಕಿದೆ. ತನ್ನ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿರುವುದು ತಿಳಿದರೆ ಹಿಂದಿರುಗಬೇಕಿಲ್ಲ. ಗುರುತನ್ನು ರುಜುವಾತುಪಡಿಸಿ, ಟೆಂಡರ್ ಮತಪತ್ರದಲ್ಲಿ ಮತ ನೀಡಲು ಕೇಳಬೇಕು.

ವೃದ್ಧರು ಮತ್ತು ಅಂಗವಿಕಲರು ಮನೆಯಿಂದಲೇ ಮತ ಹಾಕುವ ವ್ಯವಸ್ಥೆ ರಾಜ್ಯದ ವಿಧಾನಸಭಾ ಚುನಾವಣೆಯಲ್ಲಿ 2023ರಲ್ಲಿ ಮೊದಲ ಬಾರಿಗೆ ಬಂತು. ಅಂದು 80 ವರ್ಷ ಮೀರಿದವರಿಗಿದ್ದ ಈ ಸೌಲಭ್ಯವು 2024ರ ನಿಯಮ ತಿದ್ದುಪಡಿಯ ಬಳಿಕ 85 ವರ್ಷ ಮೀರಿದವರಿಗೆ ಮತ್ತು ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರಿಗೆ ಇದೆ. ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12ಡಿ ಸಲ್ಲಿಸಬೇಕು. ಅವಧಿ ಬಹಳ ಕಡಿಮೆ. ಅಂತಹವರ ಪಟ್ಟಿಯನ್ನು ಸದಸ್ಯರು ಮೊದಲೇ ಮಾಡಿಟ್ಟುಕೊಳ್ಳಬೇಕು.

ಸದಸ್ಯರು ಮಾಡಬೇಕಾದ ಕೆಲಸಗಳು

1. ಕರಡು ಪಟ್ಟಿ ಪ್ರಕಟವಾದಾಗ ಬಿಎಲ್‌ಒ ಅವರೊಡನೆ ಗ್ರಾಮಸಭೆಯಲ್ಲಿ ವಾರ್ಡುವಾರು ಹೆಸರುಗಳನ್ನು ಓದಿಸುವುದು.

2. ಊರಿನಲ್ಲಿ ಇಲ್ಲದವರನ್ನು ಎರಡು ಗುಂಪಾಗಿ ಬರೆದುಕೊಳ್ಳುವುದು: ಮರಳಿ ಬರುವವರು, ಬೇರೆಡೆ ನೆಲೆಸಿದವರು. ಮೊದಲನೆಯವರ ಹೆಸರನ್ನು ಕಾಯುವುದು. ಎರಡನೆಯವರಿಗೆ ದೂರವಾಣಿಯಲ್ಲಿ ತಿಳಿಸಿ, ಈಗಿರುವ ವಿಳಾಸದಿಂದ ನಮೂನೆ 8 ಕೊಡುವಂತೆ ಹೇಳುವುದು.

3. 17 ವರ್ಷ ದಾಟಿದವರಿಗೆ ನಮೂನೆ 6, ಮದುವೆಯಾಗಿ ಬಂದವರಿಗೆ ನಮೂನೆ 8 ಕೊಡಿಸುವುದು.

4. ಮರಣ ಹೊಂದಿದವರ ಹೆಸರು ತೆಗೆಸಲು ಮನೆಯವರಿಂದ ಮರಣ ಪ್ರಮಾಣಪತ್ರ ಸಹಿತ ನಮೂನೆ 7 ಕೊಡಿಸುವುದು.

5. ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆದು, ಅಂತಿಮ ಪಟ್ಟಿಯಲ್ಲಿ ಹೆಸರು ಬಂದಿದೆಯೇ ಎಂದು ಕಣ್ಣಾರೆ ನೋಡುವುದು.

ಎರಡನೆಯ ಕೆಲಸವೇ ಇವುಗಳಲ್ಲಿ ಕಠಿಣವಾದುದು. ಅದರಿಂದ ಸದಸ್ಯರಿಗೆ ಲಾಭವಿಲ್ಲ, ಕೆಲವೊಮ್ಮೆ ನಷ್ಟವೂ ಇದೆ. ಯಾರಿಗೆ ಮತ ಹಾಕಬೇಕೆಂಬುದನ್ನು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಪ್ರತಿಯೊಬ್ಬರೂ ತಾವು ಬಾಳುವ ಊರಿನಲ್ಲಿ ಮತ ಹಾಕುವಂತಾಗಬೇಕೆಂದು ಶ್ರಮಿಸುವುದು ಎಲ್ಲ ಸದಸ್ಯರಿಗೂ ಸೇರಿದ ಕರ್ತವ್ಯ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಮತದಾರರ ಪಟ್ಟಿಯ ಓದನ್ನು ಒಂದು ವಿಷಯವಾಗಿ ಸೇರಿಸುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು.